ಅತ್ತೆ ಎದುರಿನ ಕೊನೆಯ ಸುತ್ತು

ಕೊನೆಯ ಸುತ್ತಿನಲ್ಲಿ ಯಾರಿಗೆ ಯಾರು ಎದುರಾಳಿ ಎಂದು ಕೂಗಿದಾಗ ಸಭಾಂಗಣವೇ ನಕ್ಕಿತು. ನನ್ನ ಎದುರಾಳಿ ನನ್ನ ಅತ್ತೆ.

ಮಗು ಹುಟ್ಟಿದ ಮೇಲೆ ನಾನು ಚೆಸ್ ಬಿಟ್ಟೇಬಿಟ್ಟಿದ್ದೆ. ಪಟ್ಟು ಹಿಡಿದು ಮತ್ತೆ ಬೋರ್ಡಿನ ಮುಂದೆ ಕೂರಿಸಿದವರು ಅತ್ತೆಯೇ. ಈ ಪಂದ್ಯಾವಳಿಯಿಂದ ಆರಿಸುವ ನಗರದ ತಂಡದಲ್ಲಿ ಅವರ ಜಾಗ ಆಗಲೇ ಗಟ್ಟಿಯಾಗಿತ್ತು. ನನಗೆ ಇನ್ನೂ ಅರ್ಧ ಪಾಯಿಂಟ್ ಬೇಕಿತ್ತು. ಡ್ರಾ ಆದರೆ ತಂಡ, ಸೋತರೆ ಮನೆ.

"ಬಿಡಿ, ಅತ್ತೆ-ಸೊಸೆ ಒಳಗೊಳಗೇ ಡ್ರಾ ಮಾಡ್ಕೋತಾರೆ," ಎಂದಳು ಪಕ್ಕದ ಬೋರ್ಡಿನ ದಂತವೈದ್ಯೆ, ಎಲ್ಲರಿಗೂ ಕೇಳುವಂತೆ. ನನಗೆ ಮೈಯೆಲ್ಲ ಉರಿಯಿತು. ಅತ್ತೆ ಕನ್ನಡಕ ಒರೆಸಿಕೊಂಡರು, ಅಷ್ಟೆ.

ಮನೆಯಲ್ಲಿ ಅತ್ತೆ ಬಿಳಿ ಕಾಯಿ ಹಿಡಿದರೆ ಓಪನಿಂಗ್, ಅಂದರೆ ಆಟದ ಆರಂಭ, ಒಂದೇ: ರಾಜನ ಮುಂದಿನ ಕಾಲಾಳು, ಅದೇ ಪಾನ್, ಎರಡು ಮನೆ. ಉತ್ತರವಾಗಿ ನಾನೂ ನನ್ನ ರಾಜನ ಪಾನನ್ನು ಎರಡು ಮನೆ ನೂಕುತ್ತೇನೆ. ಒಲೆಯ ಮೇಲೆ ಹಾಲಿಟ್ಟುಕೊಂಡು ಆಡಬಹುದಾದ ಆಟ ಅದು. ಅವತ್ತೂ ಅವರ ಕೈ ಮುಂದೆ ಬಂದು ಹಿಂದೆ ಹೋದದ್ದೇ ತಡ, ನಾನು ಪಾನ್ ನೂಕಿ ಗಡಿಯಾರ ಒತ್ತಿದೆ. ಆಮೇಲೆ ಬೋರ್ಡ್ ನೋಡಿದೆ. ಅವರು ಆಡಿದ್ದು ರಾಣಿಯ ಮುಂದಿನ ಪಾನ್. ನನ್ನ ಪಾನನ್ನು ನಾನೇ ಅದರ ಬಾಯಿಗೆ ಇಟ್ಟಿದ್ದೆ.

ಆಡಿದ ನಡೆಯನ್ನು ವಾಪಸ್ ಪಡೆಯುವ ಹಾಗಿಲ್ಲ. ಅತ್ತೆ ಒಮ್ಮೆ ನನ್ನ ಮುಖ ನೋಡಿ ಆ ಪಾನನ್ನು ಹೊಡೆದು ಎತ್ತಿಕೊಂಡರು. ದಂತವೈದ್ಯೆಯ ಮಾತು ಕೇಳಿಯೇ ಅವರು ಓಪನಿಂಗ್ ಬದಲಿಸಿದ್ದಾರೆಂದು ಆಗ ಹೊಳೆಯಿತು.

ಮೊದಲು ಅಳು ಬಂತು, ಆಮೇಲೆ ಸಿಟ್ಟು. ಸಿಟ್ಟು ಬಂದರೆ ನನ್ನ ತಲೆ ಚುರುಕಾಗುತ್ತದೆ. ಬಾಯಿಪಾಠದ ದಾರಿ ಮುಚ್ಚಿಹೋಗಿತ್ತು, ಪ್ರತಿ ನಡೆಯನ್ನೂ ನಾನೇ ಯೋಚಿಸಬೇಕಾಯಿತು. ಕುದುರೆಯನ್ನು ಮುಂದಕ್ಕೆ ಬಿಟ್ಟೆ, ರಾಣಿಯನ್ನು ಬೇಗನೆ ಹೊರಗೆ ತಂದೆ. ಅತ್ತೆ ಹುಬ್ಬು ಗಂಟಿಕ್ಕಿದರು. ಎಷ್ಟೋ ವರ್ಷಗಳ ಮೇಲೆ, ಆಟ ನನ್ನದು ಅನ್ನಿಸಿತು.

ಸುತ್ತಲಿನ ಬೋರ್ಡುಗಳೆಲ್ಲ ಖಾಲಿಯಾದವು. ನಮ್ಮಲ್ಲಿ ಉಳಿದದ್ದು ಇಬ್ಬರ ರಾಜರು ಮತ್ತು ಅಂಚಿನಲ್ಲಿ ಅತ್ತೆಯ ಒಂದೇ ಒಂದು ಪಾನ್. ಅದು ರಾಣಿಯಾಗಬೇಕಾದ ಮೂಲೆಯಲ್ಲೇ ನನ್ನ ರಾಜ ಠಿಕಾಣಿ ಹೂಡಿದ್ದ. ಪಕ್ಕದ ಮನೆಗೆ ಹೋದರೂ ಮತ್ತೆ ಅಲ್ಲಿಗೇ ಬರುತ್ತಿದ್ದ. ಅತ್ತೆ ತಲೆ ಕೆಡಿಸಿಕೊಂಡು ಗೆಲ್ಲುವ ದಾರಿ ಹುಡುಕಿದರು. ಕೊನೆಗೆ ನನ್ನ ರಾಜನಿಗೆ ಚೆಕ್ಕೂ ಇಲ್ಲ, ಕದಲಲು ಮನೆಯೂ ಇಲ್ಲ; ಹಾಗಾದರೆ ನಿಯಮದಂತೆ ಯಾರಿಗೂ ಗೆಲುವಿಲ್ಲ. ಡ್ರಾ.

ದಂತವೈದ್ಯೆ ಅಲ್ಲೇ ನಿಂತಿದ್ದಳು. ಅತ್ತೆ ನನ್ನ ಕೈ ಕುಲುಕುತ್ತಾ ಅವಳ ಕಡೆ ತಿರುಗಿದರು.

"ನಾನು ಕೊಟ್ಟಿದ್ದಲ್ಲಮ್ಮ. ಕೊಡಬಾರದು ಅಂತ ಇಷ್ಟು ಹೊತ್ತೂ ಒದ್ದಾಡಿದೆ. ಇವಳೇ ಕಿತ್ಕೊಂಡ್ಳು."

ನನಗೆ ಕಣ್ಣು ತುಂಬಿ ಬಂತು. ಅತ್ತೆ ಮತ್ತೆ ಕನ್ನಡಕ ತೆಗೆದು ಒರೆಸಿಕೊಂಡರು.