ಸೋದರತ್ತೆಯ ಗೊರಕೆಗೆ ಬಂದ ಉತ್ತರ

ಎಲ್ಲರೂ ಇಂಗ್ಲಿಷಿನಲ್ಲಿ ಬ್ಲಾಗ್ ಬರೆಯಬೇಕು ಎಂದು ಇಂಗ್ಲಿಷ್ ಮೇಷ್ಟ್ರು ಹೇಳಿದ ಕೂಡಲೇ ಇಡೀ ತರಗತಿಗೆ ಹೊಟ್ಟೆನೋವು ಶುರುವಾಯಿತು. ಗುರುತಿಲ್ಲದವರು ಒಬ್ಬರಾದರೂ ಅದನ್ನು ಓದಿ ಉತ್ತರ ಬರೆಯಬೇಕು, ಇಲ್ಲದಿದ್ದರೆ ಫೇಲು ಎಂಬುದು ಅವರ ಕಟ್ಟಪ್ಪಣೆ. ಎಲ್ಲರಿಗಿಂತ ಹೆಚ್ಚು ನಡುಗಿದವಳು, ಗೆಳತಿಯರು ಮೌನಗೌರಿ ಎಂದು ಕರೆಯುತ್ತಿದ್ದ ಹುಡುಗಿ.

"ನನ್ನ ಇಂಗ್ಲಿಷ್ ನೋಡಿ ಲೋಕವೆಲ್ಲ ನಗಲಿ ಅಂತಾನಾ ಸಾರ್?"

ಮನೆಯಲ್ಲಿ ಬೇರೇನೂ ಹೊಳೆಯದೆ, ಪಕ್ಕದ ಕೋಣೆಯಲ್ಲಿ ಮಧ್ಯಾಹ್ನದ ನಿದ್ದೆ ಹೊಡೆಯುತ್ತಿದ್ದ ಸೋದರತ್ತೆಯ ಗೊರಕೆಯ ಬಗ್ಗೆ ಬೆವರು ಸುರಿಸಿ ನಾಲ್ಕು ಸಾಲು ಬರೆದಳು. "ಅತ್ತೆ ಉಸಿರೆಳೆದರೆ ಎದುರು ಮನೆಯ ಪರದೆ ನಮ್ಮ ಕಿಟಕಿಗೆ ಬರುತ್ತದೆ, ಬಿಟ್ಟರೆ ವಾಪಸ್ ಹೋಗುತ್ತದೆ." ಇದರಲ್ಲಿ ಸುಳ್ಳೇನೂ ಇರಲಿಲ್ಲ.

ಮರುದಿನ ಸಮುದ್ರದಾಚೆಯಿಂದ ಒಬ್ಬನ ಉತ್ತರ ಬಂತು. "ಇಲ್ಲಿ ನಮ್ಮ ಕಿಟಕಿಗಳೂ ಅದುರುತ್ತಿವೆ. ದಯವಿಟ್ಟು ಅತ್ತೆಯನ್ನು ಇನ್ನೊಂದು ಮಗ್ಗುಲಿಗೆ ತಿರುಗಿಸಿ."

ಪಾಸಾದೆ ಎಂದು ಮೌನಗೌರಿ ಮಂಚದ ಮೇಲೇ ಕುಣಿದಳು. ಸುದ್ದಿ ತಿಳಿದ ಅತ್ತೆ ಮಾತ್ರ ಕೆಂಡವಾದಳು.

"ನನ್ನ ಮಗ್ಗುಲು ತಿರುಗಿಸೋಕೆ ಅವನ್ಯಾವೂರ ದೊಣ್ಣೆನಾಯಕ? ಬರಿಯೇ, ನಾನು ಹೇಳಿದ್ದು ಬರಿ!"

"ಇಂಗ್ಲಿಷಲ್ಲಿ ಬೈಯೋಕೆ ನಂಗೆ ಬರಲ್ಲ ಅತ್ತೆ!"

"ಬೈಯೋಕೂ ಕಲಿಸದ ಕಾಲೇಜಿಗೆ ಯಾಕೆ ಹೋಗ್ತೀಯ?"

ಅತ್ತೆ ಬೈಯುತ್ತ ಹೋದಳು, ಹುಡುಗಿ ಬರೆಯುತ್ತ ಹೋದಳು. ನಡುಗಲು ಪುರುಸೊತ್ತೇ ಸಿಗಲಿಲ್ಲ. ವಾರವಿಡೀ ಬೈಗುಳ ಬ್ಲಾಗಿಗೆ ಹರಿಯಿತು, ಊರೂರಿನವರು ಓದಲು ಮುಗಿಬಿದ್ದರು, ತಿದ್ದಿ ತಿದ್ದಿ ಮೇಷ್ಟ್ರ ಕೈ ಊದಿಕೊಂಡಿತು.

"ಪಾಸು ಮಾಡಿದೀನಿ, ಸಾಕು ನಿಲ್ಲಿಸು ತಾಯಿ," ಎಂದು ಅವರು ಕೈ ಮುಗಿದರು.

"ಈಗ ಹೇಗೆ ಸಾರ್ ನಿಲ್ಲಿಸೋದು?" ಎಂದಳು ಮೌನಗೌರಿ. "ಅತ್ತೆ ಇನ್ನೂ ಅವನ ತಾತನವರೆಗೇ ಬಂದಿಲ್ಲ."