ಮೊಲಕ್ಕೆ ಮಾಡಿಸಿದ ಸ್ನಾನ

ಐವತ್ತೆಂಟನೇ ಇಸವಿಯಲ್ಲಿ ನಾನು ಚಿನ್ನದ ಗಣಿ ಪಕ್ಕದ ಆಂಡರ್ಸನ್‌ಪೇಟೆಯ ಒಬ್ಬ ಡಾಕ್ಟರ ಆಸ್ಪತ್ರೆಯಲ್ಲಿ ಮೊಲ ನೋಡಿಕೊಳ್ಳುವ ಕೆಲಸಕ್ಕಿದ್ದೆ. ನನ್ನ ಊರು ಬಂಗಾರಪೇಟೆ ಪಕ್ಕ. ಅಲ್ಲಿಯವರೆಗೆ ದನ ಬಿಟ್ಟು ಬೇರೆ ಪ್ರಾಣಿ ಸಾಕಿದವನಲ್ಲ.

ಮೈ ಸುಟ್ಟುಕೊಂಡವರಿಗೆ ಬೇರೆಯವರ ಚರ್ಮ ಹಾಕಿ ಉಳಿಸಬಹುದೇ ಎಂಬುದು ಡಾಕ್ಟರ ಚಿಂತೆ. ಒಂದು ಮೊಲದ ಚರ್ಮ ತೆಗೆದು ಇನ್ನೊಂದರ ಬೆನ್ನಿಗೆ ಹಾಕುತ್ತಿದ್ದರು. ಎಂಟು ಹತ್ತು ದಿನ ಚೆನ್ನಾಗಿದ್ದು ಕಪ್ಪಾಗಿ ಉದುರುತ್ತಿತ್ತು. ಹೋಲಿಸಿ ನೋಡಲು ಕೆಲವಕ್ಕೆ ಅವುಗಳದ್ದೇ ಚರ್ಮ ತೆಗೆದು ಮತ್ತೆ ಹಾಕುತ್ತಿದ್ದರು. ಅದು ಮಾತ್ರ ಅಂಟಿಕೊಳ್ಳುತ್ತಿತ್ತು. ಯಾವುದು ಯಾವ ಮೊಲವೆಂದು ಗೂಡಿನ ನಂಬರೇ ಹೇಳಬೇಕು. ಆ ಸಲ ಬೇರೆ ಮೊಲದ ಚರ್ಮ ಹಾಕಿ, ಅದು ಉದುರದಿರಲೆಂದು ಹೊಸ ಔಷಧಿ ಚುಚ್ಚಿದ್ದು ಏಳನೇ ನಂಬರಿಗೆ.

ಸಂಕ್ರಾಂತಿ ಬಂತು. ಡಾಕ್ಟರು ಮದರಾಸಿಗೆ ಹೋಗಿದ್ದರು. ಹಬ್ಬದ ದಿನ ಸಾಕಿದ ಪ್ರಾಣಿಯ ಮೈ ತೊಳೆಯದೆ ಬಿಡಲು ನನಗೆ ಮನಸ್ಸು ಬರಲಿಲ್ಲ. ಗಾಯ ತಪ್ಪಿಸಿ ಮೊದಲು ಏಳನೇ ನಂಬರಿಗೆ ನೀರು ಹುಯ್ದೆ. ಗಡಗಡ ನಡುಗಿ ಮಧ್ಯಾಹ್ನಕ್ಕೆ ಸತ್ತಿತು.

ಹೆದರಿ, ತನ್ನದೇ ಚರ್ಮ ಹಾಕಿಸಿಕೊಂಡಿದ್ದ ಹನ್ನೊಂದನೇ ನಂಬರನ್ನು ಏಳನೇ ಗೂಡಿಗೆ ಬಿಟ್ಟೆ. ಡಾಕ್ಟರು ವಾಪಸು ಬಂದಾಗ ಸತ್ತದ್ದು ಹನ್ನೊಂದು ಎಂದೆ.

ತಿಂಗಳಾದರೂ ಚರ್ಮ ಉದುರಲಿಲ್ಲ. ಡಾಕ್ಟರ ಸಂತೋಷ ಹೇಳತೀರದು. ಇನ್ನೂ ನಾಲ್ಕು ಮೊಲಕ್ಕೆ ಮಾಡಿ ನೋಡಬೇಕೆಂದಿದ್ದರು, ಅಷ್ಟರಲ್ಲಿ ಮೈಯೆಲ್ಲಾ ಸುಟ್ಟುಕೊಂಡಿದ್ದ ಕೋರಮಂಡಲ್ ಗಣಿಯ ಕುಪ್ಪುಸ್ವಾಮಿಯನ್ನು ಹೊತ್ತು ತಂದರು. ಮೈಯಲ್ಲಿ ತೆಗೆಯುವಷ್ಟು ಚರ್ಮ ಉಳಿದಿರಲಿಲ್ಲ. ಹೆಂಡತಿ ಕನಕಮ್ಮ ತನ್ನ ತೊಡೆಯದು ಕೊಡುತ್ತೇನೆಂದಳು.

"ತುಂಬಾ ನೋವಾಗುತ್ತಮ್ಮ," ಎಂದರು ಡಾಕ್ಟರು.

"ಆಗ್ಲಿ ಸಾಮಿ. ಈಯಪ್ಪನ್ನ ಕಟ್ಕೊಂಡು ಏಗಿದ್ದೀನಿ, ಇದ್ಯಾವ ನೋವು!"

ಕುಪ್ಪುಸ್ವಾಮಿ ಮಲಗಿದ್ದಲ್ಲೇ, "ಅವಳ ತೊಗಲು ಆಕುದ್ರೆ ನನ್ಗೂ ಬೈಯೋ ಬುದ್ಧಿ ಬತ್ತದೇನೋ," ಎಂದ.

ಮೊಲದ ವಿಷಯ ಡಾಕ್ಟರಿಂದ ಕೇಳಿದ್ದ ಕನಕಮ್ಮ ನನ್ನ ಕಡೆ ತಿರುಗಿದಳು. "ಅಣ್ಣಾ, ದಿನಾ ನೋಡೋನು ನೀನು. ಆ ಮೊಲಕ್ಕೆ ನಿಜವಾಗ್ಲೂ ಅಂಟ್ಕೊಂಡೈತಾ?"

"ಅಂಟ್ಕೊಂಡೈತೆ ಕಣಮ್ಮ," ಎಂದೆ.

ಅವಳ ಚರ್ಮ ಹಾಕಿ ಅದೇ ಔಷಧಿ ಚುಚ್ಚಿದರು. ಒಂಬತ್ತನೇ ದಿನ ಆ ಚರ್ಮ ಕಪ್ಪಾಯಿತು. ಹನ್ನೆರಡನೇ ದಿನ ಕುಪ್ಪುಸ್ವಾಮಿ ಹೋದ. ಔಷಧಿಯ ಅಳತೆಯಲ್ಲಿ ತಪ್ಪಿದೆನೆಂದು ಡಾಕ್ಟರು ತಮ್ಮನ್ನೇ ಬೈದುಕೊಂಡರು. ಆಗಲೂ ನಾನು ಬಾಯಿ ಬಿಡಲಿಲ್ಲ.

ತಿಥಿ ಕಳೆದ ಮೇಲೆ ಕನಕಮ್ಮನ ಮನೆಗೆ ಹೋಗಿ ಎಲ್ಲಾ ಹೇಳಿದೆ. ಕುಂಟುತ್ತಾ ಬಂದು ಹೊಸ್ತಿಲ ಬಳಿ ಕೂತು ಕೇಳಿಸಿಕೊಂಡಳು.

"ಅಂಟಲ್ಲ ಅಂತ ಏಳಿದ್ರೆ ಅವ್ನ ಪಕ್ಕ ಕೂತಿರ್ತಿದ್ದೆ ಕಣಣ್ಣ. ನಾನು ತೊಡೆ ಕುಯ್ಸ್ಕೊಂಡು ಎಂಗಸ್ರ ಕೋಣೇಲಿ ಬಿದ್ದಿದ್ನಲ್ಲ. ಗೋಡೆ ಆಚೆ ಕೂಗ್ತಿದ್ದ, ಎದ್ದು ಓಗಕ್ಕಾಗ್ಲಿಲ್ಲ."

ಆಮೇಲೆ ಅವಳೇ ಕೇಳಿದಳು,

"ಡಾಕ್ಟ್ರಿಗೆ ಏಳಿದ್ಯಾ?"

"ಇಲ್ಲ."

"ಓಗು ಮೊದ್ಲು. ಇನ್ನೊಬ್ಳ ತೊಡೆ ಕುಯ್ದಾರು."

ಹೋಗಿ ಹೇಳಿದೆ. ಡಾಕ್ಟರು ಬೈಯಲಿಲ್ಲ. ಮೊಲದ ಶೆಡ್ಡಿನ ಬೀಗದ ಕೈ ಕೊಡು ಎಂದರು. ಕೊಡುವಾಗ ಅವರ ಮುಖ ನೋಡಲು ನನ್ನಿಂದ ಆಗಲಿಲ್ಲ.