ಮಾತ್ರೆಗಿಂತ ಮೊದಲು ಮಾದರಿ

ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಬೆಳಗ್ಗೆ. ಗಂಡನ ಅಂತ್ಯಕ್ರಿಯೆಗೆ ಬಂದವರಿಗೆಂದು ಗೋಡೆಗೆ ಒತ್ತಿಟ್ಟಿದ್ದ ಕುರ್ಚಿಗಳನ್ನು ಅವಳು ಒಂದೊಂದಾಗಿ ಮೇಜಿನ ಸುತ್ತ ಎಳೆದಿಟ್ಟಳು. ಅಳು ಬರಲಿಲ್ಲ. ಅತ್ತೆ ಇನ್ನೂ ಎದ್ದಿರಲಿಲ್ಲ. ಮುಟ್ಟಿ ನೋಡಿದರೆ ಮೈ ಕೆಂಡ, ಹಲ್ಲು ಕಟಕಟ.

ಗಂಡನಿಗೂ ಹೀಗೇ ಶುರುವಾಗಿತ್ತು. ಈಗ ಮನೆಯಲ್ಲಿ ಉಳಿದಿದ್ದು ಇದೊಂದು ಜೀವ. ಅವಳು ಆಸ್ಪತ್ರೆಯ ಲ್ಯಾಬಿನಲ್ಲಿದ್ದ ಗೆಳತಿಗೆ ಫೋನು ಮಾಡಿದಳು.

ಗೆಳತಿ ಬರುವಷ್ಟರಲ್ಲಿ ಕೆಳಗಿನ ಮನೆಯ ಬಡಗಿ ಬಂದು ಅತ್ತೆಯ ಮುಂದೆ ಮಾತ್ರೆ ಹಿಡಿದಿದ್ದ. "ತಗೊಳ್ಳಿ ಅಕ್ಕಾ, ಆಂಟಿಬಯಾಟಿಕ್ಕು. ನನ್ನ ಜ್ವರಕ್ಕೆ ಕೊಟ್ಟಿದ್ದು, ಮಿಕ್ಕಿತ್ತು. ನಿಮ್ಮ ಮಗನಿಗೂ ಇದನ್ನೇ ಕೊಟ್ಟಿದ್ದೆ."

ಅತ್ತೆ ಕೈ ಚಾಚಿದರು.

"ಬೇಡಮ್ಮಾ, ಮೊದಲು ಆಸ್ಪತ್ರೆಗೆ ಹೋಗಿ ರಕ್ತ ಕೊಡೋಣ," ಎಂದಳು ಗೆಳತಿ.

"ನನ್ನ ಮಗನ ರಕ್ತ ತಗೊಂಡ್ರಲ್ಲ, ಏನು ಕಡಿದು ಗುಡ್ಡೆ ಹಾಕಿದ್ರಿ?"

"ಅಷ್ಟರಲ್ಲಿ ಅವರು ಮಾತ್ರೆ ನುಂಗಿಬಿಟ್ಟಿದ್ರು. ಅದು ರೋಗಾಣುವನ್ನ ಪೂರ್ತಿ ಕೊಲ್ಲಲಿಲ್ಲ, ರಕ್ತದಿಂದ ತೆಗೆದು ನಮ್ಮ ಲ್ಯಾಬಲ್ಲಿ ಬೆಳೆಸೋಕೂ ಬಿಡಲಿಲ್ಲ. ಬೆಳೆಯದಿದ್ರೆ ಅದನ್ನ ಗುರುತು ಹಿಡಿಯೋ ಯಂತ್ರಕ್ಕೆ ಏನು ಕೊಡೋದು?"

ಬಡಗಿಯ ಕೈ ಕೆಳಗಿಳಿಯಿತು. "ಯಂತ್ರ ಏನು ಮಾಡುತ್ತೆ?" ಎಂದ, ಮೆಲ್ಲಗೆ.

"ಬೆಳೆದ ರೋಗಾಣುವನ್ನ ಚೂರೇ ಚೂರು ಲೋಹದ ತಟ್ಟೆಗೆ ಸವರಿ, ಮೇಲೆ ಒಂದು ತೊಟ್ಟು ರಾಸಾಯನಿಕ ಹಾಕ್ತೀವಿ. ಒಣಗಿದ ಮೇಲೆ ಲೇಸರ್ ಬೆಳಕು ಹೊಡೆಯುತ್ತೆ. ಒಳಗಿನ ಅಣುಗಳು ವಿದ್ಯುತ್ತಿನ ಚಾರ್ಜು ಹೊತ್ಕೊಂಡು ಎದ್ದು, ಕೊಳವೆಯಲ್ಲಿ ಓಡ್ತವೆ. ಹಗುರದ್ದು ಮೊದಲು, ಭಾರದ್ದು ಆಮೇಲೆ. ಯಾವುದು ಯಾವಾಗ ತಲುಪಿತು ಅನ್ನೋದು ಒಂದೊಂದು ರೋಗಾಣುವಿಗೆ ಒಂದೊಂದು ಥರ; ಅದನ್ನ ನೋಡಿ, ಇದು ಇಂಥದ್ದೇ ರೋಗಾಣು ಅಂತ ಕೆಲವೇ ನಿಮಿಷದಲ್ಲಿ ಗುರುತು ಹಿಡಿಯುತ್ತೆ."

"ಲೇಸರ್ ನನ್ನ ಮೇಲೆ ಬಿಡ್ತಾರಾ?" ಅತ್ತೆ ಹೊದಿಕೆ ಎಳೆದುಕೊಂಡರು.

"ಇಲ್ಲಮ್ಮಾ, ತಟ್ಟೆ ಮೇಲೆ."

"ಅದು ಬೆಳೆಯೋವರೆಗೂ ನಾನು ನರಳ್ತಾ ಇರಬೇಕಾ?"

"ಖಂಡಿತ ಇಲ್ಲ. ರಕ್ತ ತೆಗೆದ ಕೂಡಲೇ ಡಾಕ್ಟರು ಔಷಧಿ ಶುರು ಮಾಡ್ತಾರೆ. ರೋಗಾಣು ಯಾವುದು ಅಂತ ಗೊತ್ತಾದ ಮೇಲೆ ಬೇಕಿದ್ರೆ ಬದಲಾಯಿಸ್ತಾರೆ."

ಅತ್ತೆ ಸೊಸೆಯ ಮುಖ ನೋಡಿದರು. ಅವಳು ಚಪ್ಪಲಿ ತಂದು ಅವರ ಕಾಲ ಬಳಿ ಇಟ್ಟಳು.

"ನನಗೆ ಇನ್ಯಾರಿದ್ದಾರೆ ಅತ್ತೆ? ಏಳಿ."

ಅವರು ಎದ್ದರು.

ಮರುದಿನ ರೋಗಾಣು ಬೆಳೆಯಿತು, ಯಂತ್ರ ಗುರುತು ಹಿಡಿಯಿತು, ಡಾಕ್ಟರು ಔಷಧಿ ಬದಲಿಸಿದರು. ಜ್ವರ ಇಳಿಯಿತು. ಆಸ್ಪತ್ರೆಯ ಊಟಕ್ಕೆ ಉಪ್ಪಿಲ್ಲವೆಂದು ಅತ್ತೆ ನರ್ಸಮ್ಮನನ್ನು ಗದರಿದಾಗ ಸೊಸೆಗೆ ಹೋದ ಜೀವ ಬಂದಂತಾಯಿತು.

ಅತ್ತೆಯ ಬಟ್ಟೆ ತರಲು ಅವಳೊಬ್ಬಳೇ ಮನೆಗೆ ಬಂದಳು. ಗೋಡೆಯಲ್ಲಿ ಎರಡು ತೂತು. ಕಪಾಟು ಹಾಕುತ್ತೇನೆಂದು ಗಂಡ ಬಡಗಿಯಿಂದ ತಂದಿದ್ದ ಡ್ರಿಲ್ಲು ಅದರ ಕೆಳಗೇ ಇತ್ತು. ಧೂಳು ಒರೆಸಿ, ತಂತಿ ಸುತ್ತಿ, ಕೆಳಗಿಳಿದು ಬಡಗಿಯ ಕೈಗಿಟ್ಟಳು.

ಅವನು ತಲೆ ಎತ್ತಲಿಲ್ಲ. "ಆ ಮಾತ್ರೆ ನಾನೇ ಕೊಟ್ಟಿದ್ದು, ತಾಯಿ..."

"ಒಳ್ಳೇದಾಗಲಿ ಅಂತ ಕೊಟ್ರಿ. ಇನ್ಮೇಲೆ ಯಾರಿಗೂ ಕೊಡಬೇಡಿ."

ನಿಮಗೂ ಇದೇ ಮಾತು. ಮಿಕ್ಕ ಆಂಟಿಬಯಾಟಿಕ್ ನುಂಗಬೇಡಿ, ಹಂಚಬೇಡಿ. ಚಳಿಜ್ವರ ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. "ಮೊದಲು ಪರೀಕ್ಷೆಗೆ ರಕ್ತ ತಗೊಳ್ತೀರಾ?" ಎಂದು ಬಾಯಿಬಿಟ್ಟು ಕೇಳಿ.